ಡಾಕ್ಟರಮ್ಮನ ಅಂಚೆ: ಆರು ಜನ ಲಕ್ಷ್ಮಮ್ಮಂದಿರು

ಹೋದ ತಿಂಗಳು ಮುಟ್ಟು ನಿಲ್ಲುವ ಕಾಲದ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ: 'ಗರ್ಭಕೋಶದ ಬಾಯಿಯ ಪರೀಕ್ಷೆ ಯಾವತ್ತಾದರೂ ಮಾಡಿಸಿದ್ದೀರಾ?' ಬೆವರು, ಸಿಡುಕು, ನಿದ್ದೆ ಬಾರದ್ದು ಇದರ ಬಗ್ಗೆ ಬಂದ ಪತ್ರ ನಾಲ್ಕು. ಆ ಒಂದು ಸಾಲಿಗೆ ಬಂದದ್ದು ಮೂವತ್ತೊಂದು. ಸಕ್ಕರೆ ಕಾಯಿಲೆ ಬಗ್ಗೆ ಬರೆಯುವವರು ಹೆಸರು, ಕೆಲಸ, ಕೆಲವೊಮ್ಮೆ ಫೋಟೊ ಸಮೇತ ಕಳಿಸುತ್ತಾರೆ. ಈ ಸಲ 'ಹೆಸರು ಹಾಕಬೇಡಿ' ಎಂದು ಒಂದೇ ಪತ್ರದಲ್ಲಿ ಮೂರು ಕಡೆ ಬರೆದವರಿದ್ದಾರೆ. ಹಾಕಿಲ್ಲ. ನಿಶ್ಚಿಂತೆಯಿಂದ ಓದಿ. ಪ್ರತಿ ಪತ್ರದ ಕೆಳಗೆ ನನ್ನ ಉತ್ತರವಿದೆ.

ನನಗೆ 36 ವರ್ಷ. ತೀರ್ಥಹಳ್ಳಿ ಕಡೆಯವಳು. ಎರಡು ಮಕ್ಕಳು, ಆಪರೇಷನ್ ಆಗಿದೆ. ಆಶಾ ಕಾರ್ಯಕರ್ತೆ ಕ್ಯಾನ್ಸರ್ ತಪಾಸಣೆಗೆ ಬಾ ಎಂದು ಮೂರು ಸಲ ಕರೆದರು. ನನಗೆ ಯಾವ ತೊಂದರೆಯೂ ಇಲ್ಲ. 'ಇಲ್ಲದ ಕಾಯಿಲೆಯನ್ನು ಯಾಕೆ ಹುಡುಕಿಕೊಂಡು ಹೋಗ್ತೀಯ' ಎನ್ನುತ್ತಾರೆ ಅತ್ತೆ. ನೋವಾಗುತ್ತದಾ? ಗಂಡಸು ಡಾಕ್ಟರ್ ಇದ್ದರೆ ಏನು ಮಾಡಲಿ?

ತಂಗಿ, ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದೆ ಎಂದು ಪತ್ರದಲ್ಲೇ ಬರೆದಿದ್ದೀರಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಸುತ್ತೀರಿ? ಮಳೆ ಹಿಡಿಯುವ ಮೊದಲೋ, ಕಾಯಿ ಉದುರಿದ ಮೇಲೋ? ಇದನ್ನು ಅತ್ತೆಯವರನ್ನೇ ಕೇಳಿ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕಂಠಕ್ಕೆ ಬರುವ ಈ ಕ್ಯಾನ್ಸರ್ ದಿಢೀರ್ ಎಂದು ಬರುವುದಿಲ್ಲ. ಗರ್ಭಕೋಶದ ಬಾಯಿಯ ಜೀವಕೋಶ ಸ್ವಲ್ಪ ಸ್ವಲ್ಪವೇ ಕೆಡುತ್ತಾ ಹೋಗಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ವರ್ಷ ಬೇಕು. ಅಷ್ಟೂ ವರ್ಷ ನೋವಿಲ್ಲ, ಜ್ವರವಿಲ್ಲ, ರಕ್ತವಿಲ್ಲ. 'ಯಾವ ತೊಂದರೆಯೂ ಇಲ್ಲ' ಎನ್ನುವ ಆ ಕಾಲದಲ್ಲಿ ಸಿಕ್ಕರೆ ಕೆಟ್ಟ ಜಾಗವನ್ನಷ್ಟೇ ತೆಗೆದರೆ ಮುಗಿಯಿತು. ಗರ್ಭಕೋಶ ಹಾಗೇ ಉಳಿಯುತ್ತದೆ. ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ನಾತ ಬರುವ ಸ್ರಾವ ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಕಾಯಿ ಉದುರಲು ಶುರುವಾಗಿರುತ್ತದೆ.

ಆಪರೇಷನ್ ಆಗಿದೆ ಎಂದಿರಿ. ಅದರಲ್ಲಿ ಕಟ್ಟುವುದು ಟ್ಯೂಬನ್ನು. ಗರ್ಭಕೋಶದ ಬಾಯಿ ಇದ್ದಲ್ಲೇ ಇರುತ್ತದೆ.

ಈಗ ಅಲ್ಲಿ ಏನು ಮಾಡುತ್ತಾರೆ ಎಂದು ಹೇಳುತ್ತೇನೆ. ಹೆರಿಗೆಗೆ ಮುಂಚೆ ನೋಡಿದಂತೆ ಒಳಪರೀಕ್ಷೆ. ಸ್ಪೆಕ್ಯುಲಮ್ ಎಂಬ ಒಂದು ಸಲಕರಣೆ ಹಾಕಿ ಜಾಗ ಕಾಣುವಂತೆ ಮಾಡುತ್ತಾರೆ. ಅದು ತಣ್ಣಗಿರುತ್ತದೆ, ಸ್ವಲ್ಪ ಇರುಸುಮುರುಸು ಆಗುತ್ತದೆ. ಉಸಿರು ಬಿಗಿಹಿಡಿಯಬೇಡಿ, ಕಾಲು ಸಡಿಲ ಬಿಡಿ. ಆಮೇಲೆ ಹತ್ತಿಯಲ್ಲಿ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಅಸಿಟಿಕ್ ಆಮ್ಲ ಅಂದರೆ ಹೆದರಬೇಡಿ, ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಲ್ಲಿ ಇರುವುದೂ ಅದೇ. ಕೆಟ್ಟ ಜೀವಕೋಶ ಇರುವ ಕಡೆ ಬೆಳ್ಳಗಾಗುತ್ತದೆ. ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗೆ ಅಂದುಕೊಳ್ಳಿ. ಇದಕ್ಕೆ ವಯಾ ಟೆಸ್ಟ್ ಎನ್ನುತ್ತಾರೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಬೆಳ್ಳಗೆ ಕಂಡಿತು ಅಂದರೆ ಕ್ಯಾನ್ಸರ್ ಎಂದಲ್ಲ. ಸೋಂಕಿಗೂ ಹಾಗೆ ಕಾಣಬಹುದು. ಇನ್ನೊಂದು ಸಲ ಸರಿಯಾಗಿ ನೋಡಬೇಕು ಅಂತ ಅಷ್ಟೇ ಅರ್ಥ.

ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕು ಎಂದಿದೆ. ತರಬೇತಿ ಪಡೆದ ಸಿಸ್ಟರ್‌ಗಳೂ ಮಾಡುತ್ತಾರೆ, ಆದ್ದರಿಂದ ಗಂಡಸು ಡಾಕ್ಟರೇ ಇರುತ್ತಾರೆ ಎಂದೇನಿಲ್ಲ. ಇದ್ದರೂ 'ಸಿಸ್ಟರ್ ಮಾಡಲಿ' ಎಂದು ಕೇಳುವುದು ತಪ್ಪಲ್ಲ. ಮುಟ್ಟಿನ ದಿನ ಬಿಟ್ಟು ಹೋಗಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಆದವರು ಇಬ್ಬರೂ ಸಿಕ್ಕಲಿಲ್ಲ. ಉಳಿದವರಲ್ಲಿ ನಾನೂ ಇದ್ದೆ ಎನ್ನುವಷ್ಟು ತಡವಾಗಿ ಎಚ್ಚೆತ್ತವಳು ನಾನು. ನನಗಾಗ 49. ಒಪಿಡಿಯಲ್ಲಿ ಹೆಂಗಸರಿಗೆ ಭಾಷಣ ಮಾಡುತ್ತಿದ್ದೆ. ನನ್ನ ಸಿಸ್ಟರ್ ಮೆಲ್ಲಗೆ ಕೇಳಿದರು, 'ಮೇಡಂ, ನೀವು ಮಾಡಿಸಿದೀರಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಮಧ್ಯಾಹ್ನ ಒಪಿಡಿ ಮುಗಿದ ಮೇಲೆ ಬಾಗಿಲು ಹಾಕಿ ಅವರೇ ಮಾಡಿದರು. ಆ ಮೇಜಿನ ಮೇಲೆ ಮಲಗಿದಾಗಲೇ ನನಗೆ ಗೊತ್ತಾದದ್ದು, ನಮ್ಮ ರೂಮಿನ ಪರದೆ ಪೂರ್ತಿ ಮುಚ್ಚುವುದಿಲ್ಲ ಅಂತ. ಇಪ್ಪತ್ತು ವರ್ಷ ಅದೇ ರೂಮಿನಲ್ಲಿ ನಿಂತು ಕೆಲಸ ಮಾಡಿದ್ದೆ! ಮರುದಿನವೇ ಹೊಸ ಪರದೆ ಹೊಲಿಸಿದೆ.

ಹುಬ್ಬಳ್ಳಿಯಾಕಿ ನಾನು, 42 ವರ್ಷ. ನಮ್ಮ ಓಣಿಯ ಕ್ಯಾಂಪಿನಲ್ಲಿ ಪ್ಯಾಪ್ ಸ್ಮಿಯರ್ ತೆಗೆದರು. 'ಏನಾದರೂ ಇದ್ದರೆ ಫೋನ್ ಮಾಡುತ್ತೇವೆ' ಎಂದರು. ಎರಡೂವರೆ ತಿಂಗಳಾಯಿತು. ಫೋನ್ ಬಂದಿಲ್ಲ. ಅಂದರೆ ಏನೂ ಇಲ್ಲ ಅಂತಲ್ವಾ?

ಅಲ್ಲ. ಖಂಡಿತ ಅಲ್ಲ. ಮೂವತ್ತೊಂದು ಪತ್ರದಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ನಿಮ್ಮದೇ. ಯಾಕೆ ಎಂದು ಹೇಳಬೇಕಾದರೆ ಹಳೆಯ ಕಥೆಯೊಂದನ್ನು ಬಿಚ್ಚಬೇಕು.

ತೊಂಬತ್ತರ ದಶಕ. ನಾನಿದ್ದದ್ದು ಒಂದು ಸಣ್ಣ ಆಸ್ಪತ್ರೆ, ಊರಿನ ಹೆಸರು ಬೇಡ. ಪ್ಯಾಪ್ ಸ್ಮಿಯರ್ ಎಂದರೆ ಆಗ ಒಂದು ಮರದ ಕಡ್ಡಿಯಿಂದ ಗರ್ಭಕೋಶದ ಬಾಯಿಯನ್ನು ಮೆಲ್ಲಗೆ ಸವರಿ, ಗಾಜಿನ ಪಟ್ಟಿಯ ಮೇಲೆ ಬಳಿದು, ಸ್ಪಿರಿಟ್‌ನಲ್ಲಿ ಅದ್ದಿ ಇಡುವುದು. ಪ್ಯಾಪ್ ಎನ್ನುವುದು ಪಾಪನಿಕೊಲೊ ಎಂಬ ಗ್ರೀಕ್ ಮೂಲದ ಡಾಕ್ಟರ ಹೆಸರಿನ ತುಂಡು. ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರು 1928ರಲ್ಲೇ ಇದನ್ನು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. 1943ರಲ್ಲಿ ಪುಸ್ತಕ ಬಂದ ಮೇಲೆ ಜನ ನಂಬಿದರು. ಅವರ ಪ್ರಯೋಗಕ್ಕೆ ವರ್ಷಗಟ್ಟಲೆ ಸ್ಯಾಂಪಲ್ ಕೊಟ್ಟವರು ಅವರ ಹೆಂಡತಿ ಮೇರಿ. ಟೆಸ್ಟಿಗೆ ಆಕೆಯ ಹೆಸರು ಬರಲಿಲ್ಲ, ಅದಿರಲಿ.

ನಮ್ಮ ಗಾಜಿನ ಪಟ್ಟಿಗಳು ರಟ್ಟಿನ ಡಬ್ಬಿಯಲ್ಲಿ ಜಿಲ್ಲಾ ಕೇಂದ್ರದ ಲ್ಯಾಬಿಗೆ ಬಸ್ಸಿನಲ್ಲಿ ಹೋಗುತ್ತಿದ್ದವು. ರಿಪೋರ್ಟ್ ಬರಲು ಮೂರು ವಾರ, ಕೆಲವೊಮ್ಮೆ ಐದು. ಒಂದು ಸಲ ಒಂದು ರಿಪೋರ್ಟ್ ಕೆಟ್ಟದಾಗಿ ಬಂತು. ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಮೆಟ್ಟಿಲು. ಆಗಲೇ ಹಿಡಿದರೆ ಪೂರ್ತಿ ಗುಣವಾಗುವ ಹಂತ. ರಿಜಿಸ್ಟರ್ ತೆಗೆದು ನೋಡಿದೆ. 'ಲಕ್ಷ್ಮಮ್ಮ, 41' ಅಂತ ಇತ್ತು, ಪಕ್ಕದಲ್ಲಿ ಹಳ್ಳಿಯ ಹೆಸರು. ಗಂಡನ ಹೆಸರಿಲ್ಲ, ಮನೆತನದ ಹೆಸರಿಲ್ಲ, ಫೋನ್ ಅಂತೂ ಆ ಹಳ್ಳಿಗೇ ಇರಲಿಲ್ಲ. ಆ ಹೆಸರು ಬರೆದದ್ದು ನನ್ನ ಕೈಬರಹ. ಕ್ಯಾಂಪಿನ ದಿನ ಗದ್ದಲದಲ್ಲಿ ನಾನೇ ಬರೆದುಕೊಂಡದ್ದು.

ಆರೋಗ್ಯ ಸಹಾಯಕರ ಕೈಯಲ್ಲಿ ಚೀಟಿ ಕಳಿಸಿದೆ. ಆ ಹಳ್ಳಿಯಲ್ಲಿ ಲಕ್ಷ್ಮಮ್ಮಂದಿರು ಆರು ಜನ. ನಲವತ್ತರ ಆಸುಪಾಸಿನವರೇ ಮೂವರು. ಚೀಟಿ ಸಿಕ್ಕಿದ ಲಕ್ಷ್ಮಮ್ಮ ಮರುದಿನವೇ ಅಳುತ್ತಾ ಬಂದರು. ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಏನೂ ಇರಲಿಲ್ಲ. ಮೊದಲ ರಿಪೋರ್ಟ್ ತಪ್ಪಿರಬೇಕು ಎಂದುಕೊಂಡು ಸುಮ್ಮನಾದೆ. 'ಅಮ್ಮಾ, ಕ್ಯಾಂಪಿಗೆ ನೀವು ಬಂದಿದ್ದಿರಾ?' ಎಂದು ನಾನು ಕೇಳಲೇ ಇಲ್ಲ. ಅವರು ಬಂದೇ ಇರಲಿಲ್ಲವಂತೆ. ಡಾಕ್ಟರಮ್ಮ ಕರೆದಿದ್ದಾರೆ ಎಂದು ಓಡಿ ಬಂದಿದ್ದರು.

ನಿಜವಾದ ಲಕ್ಷ್ಮಮ್ಮ ಬಂದದ್ದು ನಾಲ್ಕು ವರ್ಷದ ಮೇಲೆ. ಬಟ್ಟೆ ಬದಲಿಸಿ ಬದಲಿಸಿ ಸಾಕಾಗಿದೆ ಎಂದರು. ಒಳಪರೀಕ್ಷೆ ಮಾಡಿದಾಗ ಕೈಗೇ ಗಡ್ಡೆ ಸಿಕ್ಕಿತು. 'ಕ್ಯಾಂಪಿಗೆ ಬಂದಿದ್ದೆ ಕಣವ್ವ, ಚೀಟಿ ಬರಲಿಲ್ಲ, ಏನೂ ಇಲ್ಲ ಅಂದ್ಕಂಡೆ' ಎಂದರು. ನೀವು ಬರೆದ ವಾಕ್ಯವೇ. ಬೆಂಗಳೂರಿನ ಕಿದ್ವಾಯಿಗೆ ಕಳಿಸಿದೆವು. ಕರೆಂಟ್, ಅಂದರೆ ರೇಡಿಯೇಷನ್ ಕೊಟ್ಟರು. ಎರಡು ವರ್ಷ ಬದುಕಿದ್ದರು. ಆ ನಡುವೆ ಒಂದು ಸಲ ನಮ್ಮ ಆಸ್ಪತ್ರೆಗೆ ಬಂದಾಗ ನನಗೆ ಒಂದು ಚೀಲ ಅವರೆಕಾಯಿ ತಂದಿದ್ದರು. ಆ ಅವರೆಕಾಯಿಯನ್ನು ಸುಲಿಯಲು ನನ್ನಿಂದ ಆಗಲಿಲ್ಲ.

ಅದಕ್ಕೇ ಹೇಳುವುದು, ಪರೀಕ್ಷೆ ಎಂದರೆ ಮೇಜಿನ ಮೇಲೆ ಮಲಗಿ ಎದ್ದು ಬರುವುದಷ್ಟೇ ಅಲ್ಲ. ಕಾಗದ ನಿಮ್ಮ ಕೈಗೆ ಬರಬೇಕು. ನಾಳೆಯೇ ಕ್ಯಾಂಪ್ ನಡೆಸಿದವರ ಹತ್ತಿರ ಹೋಗಿ. ಆಶಾ ಅಥವಾ ಹತ್ತಿರದ ಆರೋಗ್ಯ ಕೇಂದ್ರದ ಸಿಸ್ಟರ್ ಮೂಲಕ ವಿಚಾರಿಸಿ. ಕಾಗದದಲ್ಲಿ ನಿಮ್ಮ ಹೆಸರು, ವಯಸ್ಸು, ತಾರೀಕು ಸರಿಯಾಗಿದೆಯಾ ನೋಡಿ. 'ಸ್ಯಾಂಪಲ್ ಸಾಲದು' ಎಂದು ಬರೆದಿದ್ದರೆ ಅದು ನಾರ್ಮಲ್ ಅಲ್ಲ, ಇನ್ನೊಮ್ಮೆ ತೆಗೆಯಬೇಕು. ರಿಪೋರ್ಟ್ ಕಳೆದುಹೋಗಿದೆ ಎಂದರೆ ಜಗಳ ಆಡುತ್ತಾ ಕೂರಬೇಡಿ, ಹೊಸದಾಗಿ ಮಾಡಿಸಿ. ಜಗಳ ಆಮೇಲೆ ಆಡಬಹುದು. ಕಾಗದವನ್ನು ಪಹಣಿ, ರೇಷನ್ ಕಾರ್ಡ್ ಇಡುವ ಕಡೆ ಇಡಿ. ಐದು ವರ್ಷದ ಮೇಲೆ ಮುಂದಿನ ಡಾಕ್ಟರಿಗೆ ಅದು ಬೇಕು.

ಕಾಗದ ಸಿಕ್ಕಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ವಯಸ್ಸು 34, ಬೆಂಗಳೂರು. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ಎಚ್‌ಪಿವಿ 16 ಪಾಸಿಟಿವ್ ಬಂದಿದೆ. ಇದು ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದು ಓದಿದೆ. ಮದುವೆಯಾಗಿ ಎಂಟು ವರ್ಷ. ನನ್ನ ಗಂಡನನ್ನು ಏನೆಂದು ಕೇಳಲಿ?

ಮೊದಲು ಕಾಲ್ಪೋಸ್ಕೋಪಿಗೆ ಅಪಾಯಿಂಟ್‌ಮೆಂಟ್ ಎಷ್ಟು ಗಂಟೆಗೆ ಎಂದು ಆಸ್ಪತ್ರೆಗೆ ಕೇಳಿ. ಗಂಡನನ್ನು ಕೇಳುವುದು ಅಷ್ಟು ಅರ್ಜೆಂಟ್ ಅಲ್ಲ.

ಎಚ್‌ಪಿವಿ ಒಂದು ವೈರಸ್. 16, 18 ಎನ್ನುವುದು ಅದರ ಬಗೆಗಳ ನಂಬರ್. ಲೈಂಗಿಕ ಜೀವನ ಇರುವ ಬಹುತೇಕ ಎಲ್ಲರಿಗೂ, ಗಂಡಸಿಗೂ ಹೆಂಗಸಿಗೂ, ಒಂದಲ್ಲ ಒಂದು ಸಲ ಬಂದು ಹೋಗಿರುತ್ತದೆ. ಹೆಚ್ಚಿನವರಲ್ಲಿ ದೇಹವೇ ಒಂದೆರಡು ವರ್ಷದಲ್ಲಿ ಅದನ್ನು ತೊಳೆದುಹಾಕುತ್ತದೆ. ಕೆಲವರಲ್ಲಿ ಎಷ್ಟೋ ವರ್ಷ ಸದ್ದಿಲ್ಲದೆ ಕೂತಿದ್ದು ಮತ್ತೆ ಪರೀಕ್ಷೆಯಲ್ಲಿ ಕಾಣಿಸುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಲ್ಯಾಬೂ ಹೇಳಲಾರದು. ಮದುವೆಗೆ ಮುಂಚಿನದ್ದೂ ಇರಬಹುದು, ಅವರದ್ದೂ ಇರಬಹುದು, ನಿಮ್ಮದೂ ಇರಬಹುದು. ಈ ಕಾಗದ ಹಿಡಿದು ಸಂಸಾರವನ್ನು ಕಟಕಟೆಗೆ ಹತ್ತಿಸಬೇಡಿ.

ಆದರೆ 16 ಎಂಬ ನಂಬರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜರ್ಮನಿಯ ಹರಾಲ್ಡ್ ಝುರ್ ಹೌಸನ್ ಮತ್ತು ಅವರ ಜೊತೆಯವರು 1983ರಲ್ಲಿ ಕ್ಯಾನ್ಸರ್ ಗಡ್ಡೆಯೊಳಗೆ ಇದನ್ನು ಕಂಡುಹಿಡಿದರು. ಮರುವರ್ಷ 18 ಸಿಕ್ಕಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಹತ್ತರಲ್ಲಿ ಏಳು ಗರ್ಭಕಂಠದ ಕ್ಯಾನ್ಸರ್‌ಗೆ ಈ 16 ಮತ್ತು 18ರ ಜೋಡಿಯೇ ಕಾರಣ. ಹಾಗಾಗಿ ಇವೆರಡು ಬಂದರೆ 'ವರ್ಷ ಬಿಟ್ಟು ನೋಡೋಣ' ಎನ್ನದೆ ನೇರ ಕಾಲ್ಪೋಸ್ಕೋಪಿ ಮಾಡುತ್ತಾರೆ. ಅಂದರೆ ದೊಡ್ಡದಾಗಿ ಕಾಣುವ ಮಸೂರದಿಂದ ಗರ್ಭಕೋಶದ ಬಾಯಿ ನೋಡುವುದು. ಅನುಮಾನ ಬಂದ ಕಡೆ ಅಕ್ಕಿಕಾಳಿನಷ್ಟು ತುಣುಕು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಕೆಟ್ಟ ಜೀವಕೋಶ ಸಿಕ್ಕರೆ ಆ ಜಾಗವನ್ನು ಬಿಸಿಯಿಂದ ಸುಡುತ್ತಾರೆ, ಇಲ್ಲವೇ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮುಂದೆ ಮಗು ಬೇಕು ಎಂದಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಗಂಗಾವತಿ. 47 ವರ್ಷ. ಬಿಳಿ ಸೆರಗು ಜಾಸ್ತಿ ಎಂದು ಹೋದಾಗ 'ಮುಂದೆ ಕ್ಯಾನ್ಸರ್ ಆಗುತ್ತೆ' ಎಂದು ಹೇಳಿ ಎಂಟು ವರ್ಷದ ಹಿಂದೆಯೇ ಗರ್ಭಕೋಶ ತೆಗೆದರು. ನನಗೂ ಟೆಸ್ಟ್ ಬೇಕಾ?

ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಬಿಳಿ ಸೆರಗಿಗೆ ಬಹಳಷ್ಟು ಸಲ ಒಂದು ವಾರದ ಮಾತ್ರೆ ಸಾಕು. ಕ್ಯಾನ್ಸರ್ ಅನುಮಾನ ಇದ್ದರೆ ಮೊದಲು ಪ್ಯಾಪ್ ಮಾಡಬೇಕು, ಬೇಕಾದರೆ ತುಣುಕು ತೆಗೆದು ನೋಡಬೇಕು. ಟೆಸ್ಟ್ ಮಾಡದೆ ನೇರ ಕತ್ತರಿ ಎತ್ತಿಕೊಳ್ಳುವುದು ಕಾಲುಬೆರಳು ನೋಯುತ್ತದೆ ಎಂದು ಕಾಲು ತೆಗೆದಂತೆ. ಈ ಮಾತಿಗೆ ಕೆಲವು ಡಾಕ್ಟರ್ ಮಿತ್ರರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ. ಬೇರೆಯವರೂ ಕೇಳಿಸಿಕೊಳ್ಳಿ: 'ತೆಗೆಸಿಬಿಡಿ' ಎಂದವರನ್ನು 'ಪ್ಯಾಪ್ ರಿಪೋರ್ಟ್ ಎಲ್ಲಿ?' ಎಂದು ಕೇಳಿ. ಇನ್ನೊಬ್ಬ ಡಾಕ್ಟರಿಗೂ ತೋರಿಸಿ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಡಿಸ್ಚಾರ್ಜ್ ಕಾರ್ಡ್ ಹುಡುಕಿ. 'ಟೋಟಲ್' ಎಂದಿದ್ದರೆ ಬಾಯಿಯೂ ಹೋಗಿದೆ. 'ಸಬ್‌ಟೋಟಲ್' ಎಂದಿದ್ದರೆ ಬಾಯಿ ಒಳಗೇ ಇದೆ, ಎಲ್ಲರಂತೆ ಪರೀಕ್ಷೆ ಬೇಕು. ತೆಗೆದ ಗರ್ಭಕೋಶವನ್ನು ಲ್ಯಾಬಿಗೆ ಕಳಿಸಿ ಕೊಟ್ಟ ರಿಪೋರ್ಟನ್ನೂ ಕೇಳಿ. ಅದರಲ್ಲಿ ಕ್ಯಾನ್ಸರ್‌ನ ಹಿಂದಿನ ಹಂತ ಎಂದು ಬರೆದಿದ್ದರೆ ಟೋಟಲ್ ಆಗಿದ್ದರೂ ತಪಾಸಣೆ ಮುಂದುವರಿಸಬೇಕು. ಬಾಯಿಯೂ ಹೋಗಿ, ರಿಪೋರ್ಟೂ ಚೆನ್ನಾಗಿದ್ದರೆ ನಿಮಗೆ ಈ ಟೆಸ್ಟ್ ಬೇಡ. ಕಾರ್ಡೇ ಸಿಗದಿದ್ದರೆ ಒಂದು ಒಳಪರೀಕ್ಷೆ ಸಾಕು, ಬಾಯಿ ಇದೆಯೋ ಇಲ್ಲವೋ ಡಾಕ್ಟರಿಗೆ ಕಾಣುತ್ತದೆ.

ಮದುವೆಯಾಗಿಲ್ಲ. 45 ವರ್ಷ. ಮಂಗಳೂರು. ಯಾವ ಸಂಬಂಧವೂ ಇರಲಿಲ್ಲ. ನಾನೂ ಹೋಗಬೇಕಾ?

ನಿಜವಾಗಿ ಯಾವ ಸಂಪರ್ಕವೂ ಇರಲಿಲ್ಲ ಎಂದರೆ ಈ ಕ್ಯಾನ್ಸರ್‌ನ ಅಪಾಯ ತೀರಾ ಕಡಿಮೆ. ಬೇಕೇ ಬೇಡವೇ ಎಂದು ನಿಮ್ಮ ಡಾಕ್ಟರ ಜೊತೆ ಮಾತಾಡಿ, ಒತ್ತಾಯವಿಲ್ಲ. ಆದರೆ ಮುಟ್ಟಲ್ಲದ ದಿನ ರಕ್ತ ಕಂಡರೆ ಸುಮ್ಮನಿರಬೇಡಿ. ಅದಕ್ಕೆ ಬೇರೆ ಕಾರಣಗಳಿರುತ್ತವೆ.

ಮಗಳಿಗೆ 12 ವರ್ಷ. ಎಚ್‌ಪಿವಿ ಲಸಿಕೆ ಹಾಕಿಸಿದರೆ ಮುಂದೆ ಈ ಟೆಸ್ಟ್ ಕಾಟ ಇರುವುದಿಲ್ಲವಾ? ಒಬ್ಬ ತಂದೆ, ದಾವಣಗೆರೆ.

ಮೂವತ್ತೊಂದು ಪತ್ರದಲ್ಲಿ ಗಂಡಸರದ್ದು ಇದೊಂದೇ. ಸಂತೋಷ ಸಾರ್.

ಲಸಿಕೆಗೆ ಇದೇ ಸರಿಯಾದ ವಯಸ್ಸು. ವೈರಸ್ ತಗಲುವ ಮೊದಲೇ ಹಾಕಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ನಮ್ಮ ದೇಶದ್ದೇ. ಸಿಕ್ಕಿಂನಲ್ಲಿ 2018ರಲ್ಲೇ ಶಾಲಾ ಹೆಣ್ಣುಮಕ್ಕಳಿಗೆ ಈ ಲಸಿಕೆ ಹಾಕಿದರು. ಎಷ್ಟು ಡೋಸ್ ಎನ್ನುವುದನ್ನು ಮಕ್ಕಳ ಡಾಕ್ಟರ್ ಹೇಳುತ್ತಾರೆ. ಆದರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. ಆದ್ದರಿಂದ 30 ದಾಟಿದ ಮೇಲೆ ನಿಮ್ಮ ಮಗಳೂ ಪರೀಕ್ಷೆ ಮಾಡಿಸಬೇಕು. ಅಂದಹಾಗೆ ಪತ್ರದಲ್ಲಿ ನಿಮ್ಮ ಮನೆಯವರ ಸುದ್ದಿಯೇ ಇಲ್ಲವಲ್ಲ? ಅವರದ್ದು ಆಗಿದೆಯಾ?

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ 25 ತುಂಬಿದರೆ ಸಾಕು, ಪರೀಕ್ಷೆಗೆ ಬನ್ನಿ ಎಂದು ಮನೆಗೇ ಪತ್ರ ಬರುತ್ತದೆ. ಅಮ್ಮ ಮಂಡ್ಯದಲ್ಲಿದ್ದಾರೆ, 63 ವರ್ಷ. ಒಮ್ಮೆಯೂ ಮಾಡಿಸಿಲ್ಲ. 'ಮುಟ್ಟು ನಿಂತು ಹತ್ತು ವರ್ಷ ಆಯ್ತು, ಇನ್ಯಾಕೆ' ಎನ್ನುತ್ತಾರೆ. ಡಿಸೆಂಬರ್‌ಗೆ ಊರಿಗೆ ಬರುತ್ತೇನೆ.

ಆ ಪತ್ರವೇ ಅಲ್ಲಿನ ಗುಟ್ಟು. ಅಲ್ಲಿ 25ರಿಂದ 64ರವರೆಗೆ ಪ್ರತಿ ಹೆಂಗಸಿನ ಹೆಸರೂ ಪಟ್ಟಿಯಲ್ಲಿರುತ್ತದೆ, ಬರದಿದ್ದರೆ ಮತ್ತೆ ನೆನಪಿಸುತ್ತಾರೆ. ಅಲ್ಲಿ ಆರು ಜನ ಲಕ್ಷ್ಮಮ್ಮಂದಿರಿಗೂ ಬೇರೆ ಬೇರೆ ನಂಬರ್ ಇರುತ್ತಿತ್ತು. ನಮ್ಮಲ್ಲಿ 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಬಂತು. ಸತ್ತವರು ಹತ್ತಿರ ಹತ್ತಿರ 80 ಸಾವಿರ.

ಅಮ್ಮನಿಗೆ ಬೇಕು. ಒಮ್ಮೆಯೂ ಮಾಡಿಸದವರಿಗೇ ಹೆಚ್ಚು ಬೇಕು. ಮುಟ್ಟು ನಿಂತರೂ ಹಳೆಯ ವೈರಸ್ ಅಲ್ಲೇ ಕೂತಿರಬಹುದು. ಆದರೆ ಅವರ ವಯಸ್ಸಿಗೆ ವಯಾ ಅಷ್ಟು ಸರಿಹೊಂದುವುದಿಲ್ಲ. ನೋಡಬೇಕಾದ ಜಾಗ ಮುಟ್ಟು ನಿಂತ ಮೇಲೆ ಒಳಕ್ಕೆ ಸರಿದಿರುತ್ತದೆ. ಎಚ್‌ಪಿವಿ ಟೆಸ್ಟ್ ಮಾಡಿಸಿ, ಅದು ಸಿಗದಿದ್ದರೆ ಪ್ಯಾಪ್. ಎಚ್‌ಪಿವಿ ಟೆಸ್ಟಿನ ದೊಡ್ಡ ಸಾಕ್ಷಿ ಸಿಕ್ಕಿದ್ದೂ ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗುಂಪು ಮಾಡಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ, ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿದ ಹಳ್ಳಿಗಳಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಟೆಸ್ಟ್ ಇಲ್ಲದ ಹಳ್ಳಿಗಳ ಅರ್ಧದಷ್ಟು.

ಈ ವಯಸ್ಸಿನಲ್ಲಿ ಒಣಗಿದಂತಾಗಿ ಪರೀಕ್ಷೆ ಸ್ವಲ್ಪ ನೋಯಬಹುದು. ಸಣ್ಣ ಸ್ಪೆಕ್ಯುಲಮ್ ಹಾಕಿ ಎಂದು ಮೊದಲೇ ಹೇಳಿ. ಅಮ್ಮ ನಾಚಿಕೊಂಡು ಹೇಳುವುದಿಲ್ಲ, ನೀವೇ ಹೇಳಿ. ರಿಪೋರ್ಟ್ ಬರುವ ತಾರೀಕು ಕೇಳಿಕೊಂಡು ವಾಪಸ್ ಟಿಕೆಟ್ ಅದಾದ ನಾಲ್ಕು ದಿನದ ಮೇಲಕ್ಕೆ ಮಾಡಿಸಿ. ಮನೆಯಲ್ಲಿ 38 ವರ್ಷದ ಅತ್ತಿಗೆ ಇದ್ದಾರೆ ಎಂದೂ ಬರೆದಿದ್ದೀರಿ. ಆಟೋದಲ್ಲಿ ಮೂವರಿಗೆ ಜಾಗ ಇರುತ್ತದೆ.